ಆಸ್ಪತ್ರೆಯ ಸಾಲವೂ ವಸೂಲಿಯವರ ಮಾತೂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಆದರೆ ಮುಂಬಯಿಯಂಥ ಶಹರದಲ್ಲಿ ಎಷ್ಟು ಹಿತಮಿತವಾಗಿ ಉಂಡರೂ ರೋಗ ಬರುವುದು ತಪ್ಪದು. ಊರಿನಲ್ಲಾದರೆ ಕಷ್ಟಕಾಲಕ್ಕೆ ಕೈಗಡ ಕೊಡುವ ನೆಂಟರಿಷ್ಟರಿರುತ್ತಾರೆ. ಇಲ್ಲಿ ಬಾಡಿಗೆಯ ಕೋಣೆಯಲ್ಲಿರುವ ಸಂಸಾರಕ್ಕೆ ಆಸ್ಪತ್ರೆಯ ಬಿಲ್ಲು ಬಂದಾಗ ಒದಗುವುದು ಬ್ಯಾಂಕಿನ ಕಾರ್ಡು, ಇಲ್ಲವೇ ವೈಯಕ್ತಿಕ ಸಾಲ. ರೋಗಿ ಗುಣವಾಗಿ ಮನೆಗೆ ಬಂದರೂ ಸಾಲ ಉಳಿಯುತ್ತದೆ. ಅದರ ವಸೂಲಿಗೆ ಬರುವವರೊಡನೆ ಹೇಗೆ ಮಾತನಾಡಬೇಕೆಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಒಂದು ಭೇದವನ್ನು ತಿಳಿದಿರಬೇಕು. ಆಸ್ಪತ್ರೆಗೆ ನೇರವಾಗಿ ಕೊಡಬೇಕಾದ ಬಾಕಿ ಸಾಮಾನ್ಯವಾಗಿ ಸಿಬಿಲ್ ವರದಿಯಲ್ಲಿ ಬರುವುದಿಲ್ಲ. 2005ರ ಕಾಯಿದೆಯಂತೆ ಅಲ್ಲಿಗೆ ಲೆಕ್ಕ ಒಪ್ಪಿಸುವವರು ಬ್ಯಾಂಕು ಮೊದಲಾದ ಸಾಲದ ಸಂಸ್ಥೆಗಳು. ಆದರೆ ಬಿಲ್ಲು ತೀರಿಸಲು ತೆಗೆದ ಸಾಲದ ಕಂತು ತಪ್ಪಿತೋ, ಅದು ಅಲ್ಲಿ ದಾಖಲಾಗುತ್ತದೆ. 300ರಿಂದ 900ರವರೆಗಿನ ಅಂಕ ಕೆಳಗಿಳಿಯುತ್ತದೆ. ಇಂಥ ವರದಿ ಕೊಡುವ ಕಂಪನಿಗಳು ನಮ್ಮ ದೇಶದಲ್ಲಿ ನಾಲ್ಕು. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಜರ್ವ್ ಬ್ಯಾಂಕಿನ ಆಜ್ಞೆಯಿದೆ. ವಸೂಲಿಯವರೊಡನೆ ಮಾತಿಗೆ ಕೂರುವ ಮೊದಲು ಅದನ್ನು ತರಿಸಿ ಓದುವುದು ವಿಹಿತ.

ಡೊಂಬಿವಲಿಯಲ್ಲಿರುವ ನನ್ನ ಪರಿಚಯದ ಒಂದು ಸಂಸಾರದ ಉದಾಹರಣೆ ಹೇಳುತ್ತೇನೆ. ಯಜಮಾನರು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು. ಪತ್ನಿಯ ಶಸ್ತ್ರಚಿಕಿತ್ಸೆಗೆ ಕಾರ್ಡಿನಿಂದ ಕಟ್ಟಿದ 48,000 ರೂಪಾಯಿ ಬಡ್ಡಿ ಸೇರಿ ಇಮ್ಮಡಿಗೂ ಮಿಕ್ಕಿತು. ಮಗಳ ಕಾಲೇಜಿನ ಸಾಲಕ್ಕೆ ತಂದೆಯೂ ಸಹಿ ಹಾಕಬೇಕಾಗಿ ಬಂದಾಗ ಬ್ಯಾಂಕು ವರದಿ ನೋಡಿ ಅರ್ಜಿ ಹಿಂತಿರುಗಿಸಿತು. ಅದೇ ವಾರ ವಸೂಲಿಯವನ ಫೋನು: "ಇವತ್ತೇ ನಲವತ್ತು ಸಾವಿರ ಈ ನಂಬರಿಗೆ ಹಾಕಿ, ಕೇಸು ಮುಗಿಯಿತು." ಯಜಮಾನರು ಶಾಂತವಾಗಿ, "ಬ್ಯಾಂಕಿನ ಕಾಗದ ಕಳಿಸಿ, ಆಮೇಲೆ ಮಾತಾಡೋಣ" ಎಂದರು. ಮರುದಿನ ಶಾಖೆಗೇ ಹೋಗಿ ಬರಹದಲ್ಲಿ ಅರ್ಜಿ ಕೊಟ್ಟರು. ದಂಡದ ಬಡ್ಡಿ ಬಿಟ್ಟುಹೋಗಿ, ಉಳಿದದ್ದು ಆರು ಕಂತಾಯಿತು.

ಇಲ್ಲಿ ಅವರು ಹಟ ಹಿಡಿದದ್ದು ಒಂದೇ ಶಬ್ದಕ್ಕೆ. ಬ್ಯಾಂಕು ಕಡಿಮೆ ಹಣಕ್ಕೆ ಒಪ್ಪಿದರೆ ವರದಿಯಲ್ಲಿ 'ಸೆಟಲ್ಡ್' ಎಂದು ಬರೆಯುತ್ತದೆ. ಪೂರ್ತಿ ತೀರಿದರೆ 'ಕ್ಲೋಸ್ಡ್'. ಮೊದಲನೆಯದನ್ನು ಕಂಡರೆ ಮುಂದೆ ಸಾಲ ಕೊಡುವವರು ಹಿಂಜರಿಯುತ್ತಾರೆ. ಆದ್ದರಿಂದ ಯಾವ ಶಬ್ದ ಬರೆಯುತ್ತಾರೆಂಬುದನ್ನು ಹಣ ಕಟ್ಟುವ ಮೊದಲೇ ಕಾಗದದಲ್ಲಿ ಪಡೆಯಬೇಕು. ಹಣ ಸಾಲದ ಖಾತೆಗೇ ಹೋಗಬೇಕು, ವಸೂಲಿಯವನ ಸ್ವಂತ ನಂಬರಿಗಲ್ಲ. ಕೊನೆಗೆ ಬಾಕಿಯಿಲ್ಲವೆಂಬ ಪತ್ರವನ್ನು ಪಡೆದು ಜೋಪಾನ ಮಾಡಬೇಕು.

ವಸೂಲಿಯವರಿಗೂ ಮೇರೆಯುಂಟು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದು, ನೆಂಟರೆದುರು ಮಾನ ತೆಗೆಯಬಾರದು ಎಂದು ರಿಜರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ತಾಕೀತು ಮಾಡಿದೆ. ಮನೆಗೆ ಬಂದವನಲ್ಲಿ ಗುರುತಿನ ಚೀಟಿಯನ್ನೂ ಬ್ಯಾಂಕಿನ ಅಧಿಕಾರಪತ್ರವನ್ನೂ ಕೇಳುವ ಹಕ್ಕು ನಮಗಿದೆ. ಗೂಂಡಾಗಳನ್ನು ಬಿಟ್ಟು ವಸೂಲಿ ಮಾಡುವುದನ್ನು ಸುಪ್ರೀಂ ಕೋರ್ಟು 2007ರಲ್ಲೇ ಖಂಡಿಸಿತು. ದೂರನ್ನು ಮೊದಲು ಬ್ಯಾಂಕಿಗೆ ಬರೆದು ಕೊಡಬೇಕು. 30 ದಿನಗಳಲ್ಲಿ ಸಮಾಧಾನ ಸಿಗದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ತೀರಿದ ಸಾಲ ವರದಿಯಲ್ಲಿ ಇನ್ನೂ ಬಾಕಿಯೆಂದೇ ಇದ್ದು, ದೂರಿತ್ತ 30 ದಿನಗಳಲ್ಲಿ ಸರಿಯಾಗದಿದ್ದರೆ, ಆಮೇಲಿನ ಪ್ರತಿದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ.

ಸಾಲ ಮಾಡುವುದಕ್ಕೆ ಮೊದಲೇ ತಿಳಿದಿರಬೇಕಾದ ಮಾತೂ ಒಂದಿದೆ. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆಗಳನ್ನು ತೀರ ಬಡವರಿಗೆ ಉಚಿತವಾಗಿಯೂ, ಇನ್ನು 10ನ್ನು ಅಲ್ಪ ಆದಾಯದವರಿಗೆ ರಿಯಾಯಿತಿಯಲ್ಲಿಯೂ ಇಡಬೇಕೆಂದು 2006ರಲ್ಲಿ ಬೊಂಬಾಯಿ ಹೈಕೋರ್ಟು ಯೋಜನೆ ರೂಪಿಸಿತು. ಪಡಿತರ ಚೀಟಿ, ಆದಾಯದ ದಾಖಲೆ ಹಿಡಿದು ಸೇರಿಸುವಾಗಲೇ ಅಲ್ಲಿಯ ಸಮಾಜಸೇವಕರನ್ನು ಕಾಣಬೇಕು.

ಪಡೆದ ಸಾಲ ತೀರಿಸಬೇಕಾದ್ದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಗ ಬಂದದ್ದು ಅಪರಾಧವಲ್ಲ. ನಾಚಿಕೆಯಿಂದ ಫೋನು ಎತ್ತದೆ ಕುಳಿತರೆ ಬಡ್ಡಿ ಬೆಳೆಯುತ್ತದೆ. ಹೆದರಿ ಹಣ ಸುರಿದರೆ ಕಾಗದ ಉಳಿಯುವುದಿಲ್ಲ. ಮನೆಮಂದಿಯೆಲ್ಲ ಕುಳಿತು ಲೆಕ್ಕ ಬರೆದು, ಕೊಡಬಲ್ಲಷ್ಟನ್ನೇ ಒಪ್ಪಿ, ಒಪ್ಪಿದ್ದನ್ನು ತಪ್ಪದೆ ಕೊಡುವುದೇ ಸಂಸಾರಸ್ಥರಿಗೆ ಲೇಸು.