ಹೊರಡುವ ಮುನ್ನ ತೀರಿಸಬೇಕಾದ ಸಾಲ

ಪರೀಕ್ಷೆ ಮುಗಿದದ್ದೇ ತಡ, ಗೆಳೆಯರೆಲ್ಲ ಇಂಟರ್ನ್‌ಶಿಪ್ ಹುಡುಕತೊಡಗಿದರು. ನಾನು ಮಾತ್ರ ಕನ್ನಡಿ ಮುಂದೆ ನಿಂತು ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಉಡುವುದನ್ನು ಕಲಿಯುತ್ತಿದ್ದೆ. ಅದೇ ಇಹ್ರಾಮ್. ಮೂರು ಸಲ ಜಾರಿತು. ನಾಲ್ಕನೇ ಸಲ ಬೆಲ್ಟ್ ಬಿಗಿದೆ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ನಮ್ಮೂರು ದಾವಣಗೆರೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಉಳಿಸಿದ ಹಣದಲ್ಲಿ ಅಜ್ಜಿ ಮೆಕ್ಕಾಗೆ ಉಮ್ರಾ ಯಾತ್ರೆ ಹೊರಟಿದ್ದಾಳೆ. ಹಜ್‌ಗೆ ಗೊತ್ತಾದ ದಿನಗಳಿವೆ, ಉಮ್ರಾವನ್ನು ಬೇರೆ ದಿನಗಳಲ್ಲೂ ಮಾಡಬಹುದು. ಜೊತೆಗೆ ಹೋಗಲು ಮನೆಯಲ್ಲಿ ಬಿಡುವಿದ್ದವನು ನಾನೊಬ್ಬನೇ. ನನಗೂ ಇದು ಮೊದಲ ಯಾತ್ರೆ.

ಬಿ.ಇ. ಓದುವವನಲ್ಲವೇ, ಮೊದಲು ಲೆಕ್ಕ ಹಾಕಿದೆ. ಕಾಬಾಕ್ಕೆ ಏಳು ಸುತ್ತು. ಆಮೇಲೆ ಸಫಾ, ಮರ್ವಾ ನಡುವೆ ಏಳು ಸಲ ನಡಿಗೆ. ಒಂದು ಸಲಕ್ಕೆ ಸುಮಾರು 450 ಮೀಟರ್, ಒಟ್ಟು ಮೂರು ಕಿಲೋಮೀಟರಿಗೂ ಹೆಚ್ಚು. ಅಜ್ಜಿಗೆ ಮಂಡಿನೋವು. ದಿನಾ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ಅವಳೊಂದಿಗೆ ಸುತ್ತು ಹಾಕಿದೆ. ಪಾಸ್‌ಪೋರ್ಟ್, ವೀಸಾ, ಮೆನಿಂಜೈಟಿಸ್ ಲಸಿಕೆ, ವಾಸನೆಯಿಲ್ಲದ ಸೋಪು (ಇಹ್ರಾಮ್‌ನಲ್ಲಿ ಸುಗಂಧ ಹಚ್ಚುವಂತಿಲ್ಲ), ಎಲ್ಲವನ್ನೂ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಟಿಕ್ ಹಾಕಿದೆ.

ಪಟ್ಟಿ ಓದಿ ಹೇಳಿದರೆ ಅಜ್ಜಿ ತಲೆಯಾಡಿಸಿದಳು. "ಬೇಟಾ, ಮುಖ್ಯವಾದದ್ದೇ ಇಲ್ಲವಲ್ಲ. ಯಾರಿಗೆ ಸಾಲ ಕೊಡಬೇಕು, ಯಾರ ಮನಸ್ಸು ನೋಯಿಸಿದ್ದೀಯ ಅಂತ ಬರಿ. ಮನುಷ್ಯರಿಗೆ ಮಾಡಿದ ಅನ್ಯಾಯಾನ ಮೊದಲು ಆ ಮನುಷ್ಯರೇ ಮಾಫ್ ಮಾಡಬೇಕು."

ನಲ್ಲಿ ನೀರಿನ ಜಗಳಕ್ಕೆ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಗೆ ಅವಳು ಅಂದೇ ಸಂಜೆ ಹೋದಳು. ಇಬ್ಬರೂ ಅತ್ತು, ಚಹಾ ಕುಡಿದರಂತೆ.

ನನ್ನ ಪಟ್ಟಿಯಲ್ಲಿ ಕ್ಯಾಂಟೀನಿನ 180 ರೂಪಾಯಿ ಬಾಕಿ ಇತ್ತು. ಅದು ಸುಲಭ. ಕಷ್ಟದ್ದು ಇನ್ನೊಂದು. ಮೂರನೇ ಸೆಮಿಸ್ಟರಿನಲ್ಲಿ ನಾನೂ ನನ್ನ ಲ್ಯಾಬ್ ಜೊತೆಗಾರನೂ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ದೆವು. ಸರ್ಕ್ಯೂಟ್ ಪೂರ್ತಿ ಅವನದೇ. ಪ್ರೆಸೆಂಟೇಷನ್ ದಿನ ಅವನು ಜ್ವರದಲ್ಲಿ ಮಲಗಿದ್ದ. "ಡಿಸೈನ್ ಯಾರದು?" ಎಂದು ಮೇಡಂ ಕೇಳಿದಾಗ "ನನ್ನದು" ಎಂದುಬಿಟ್ಟೆ. ಅಂದಿನಿಂದ ಅವನು ನನ್ನೊಡನೆ ಮಾತಿಲ್ಲ. ಅದೇ ಪ್ರಾಜೆಕ್ಟ್ ಈಗ ನನ್ನ ರೆಸ್ಯೂಮೆಯ ಮೊದಲ ಸಾಲು.

ಹರಿಹರದ ಬಸ್ ಹತ್ತಿ ಅವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. "ನನಗ್ಯಾಕೆ ಹೇಳ್ತೀಯ? ನನಗೆ ಗೊತ್ತಿರೋದೇ ಅಲ್ವಾ. ಮೇಡಂಗೆ ಹೇಳು" ಎಂದ.

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಪ್ಲೇಸ್‌ಮೆಂಟ್ ಹತ್ತಿರ ಬರುತ್ತಿದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಇಲ್ಲಿ ಸುಳ್ಳನ್ನು ಹಾಗೇ ಇಟ್ಟುಕೊಂಡು, ಅಲ್ಲಿ ಬಿಳಿ ಬಟ್ಟೆ ಉಟ್ಟು ಏನು ಕೇಳಲಿ? ಮೂರನೇ ದಿನ ಕಾಲೇಜಿಗೆ ಹೋಗಿ ಮೇಡಂಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಜೆ ಮುಗಿದ ಮೇಲೆ ಇಬ್ಬರೂ ಬನ್ನಿ" ಎಂದರು. ಮುಂದೇನಾಗುತ್ತದೋ ಗೊತ್ತಿಲ್ಲ. ರೆಸ್ಯೂಮೆಯ ಆ ಸಾಲನ್ನಂತೂ ತಿದ್ದಿದೆ. ಡಿಸೈನ್ ಅವನದು, ವರದಿ ನನ್ನದು.

ನಾಳೆ ರಾತ್ರಿ ಬೆಂಗಳೂರಿನಿಂದ ವಿಮಾನ. ಬ್ಯಾಗಿನ ಜಿಪ್ ಎಳೆಯುತ್ತಿದ್ದಾಗ ಅವನ ಮೆಸೇಜ್ ಬಂತು. ಕ್ಷಮಿಸಿದೆ ಎಂದೇನೂ ಇರಲಿಲ್ಲ. "ಖರ್ಜೂರ ತರೋದು ಮರೀಬೇಡ" ಎಂದಷ್ಟೇ ಇತ್ತು.

ಪಟ್ಟಿಯ ಕೊನೆಗೆ ಅದನ್ನೂ ಸೇರಿಸಿದ್ದೇನೆ.