ಎರಡು ಬೆಟ್ಟ, ನಡುವೆ ಅದೇ ಸೂರ್ಯ

ಮಕ್ಕಳ ಕೈಗೆ ಒಂದು ಬಿಳಿ ಹಾಳೆ ಕೊಟ್ಟು ‘ಇಷ್ಟ ಬಂದದ್ದು ಬರೀರಿ’ ಅನ್ನಿ. ಹೆಚ್ಚಿನವರು ಬರೆಯುವುದು ಒಂದೇ ಚಿತ್ರ. ತ್ರಿಕೋನದ ಎರಡು ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಇಳಿದು ಬರುವ ನದಿ, ಒಂದು ಗುಡಿಸಲು, ಒಂದು ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ನಾನೂ ಇದನ್ನೇ ಬರೆದು ಬೆಳೆದವಳು. ನೀವೂ ಅಷ್ಟೇ ಅಲ್ವಾ? ತಮಾಷೆ ಅಂದರೆ, ಶನಿವಾರ ಬೆಳಿಗ್ಗೆ ನಾನು ಚಿತ್ರ, ನಾಟಕ ಮಾಡಿಸಲು ಹೋಗುವ ಸರ್ಜಾಪುರದ ಕಡೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಸುತ್ತ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ಇರುವುದು ನೀಲಗಿರಿ ತೋಪು, ನೀರಿನ ಟ್ಯಾಂಕರು, ಏಳುತ್ತಿರುವ ಅಪಾರ್ಟ್‌ಮೆಂಟುಗಳು. ಅವು ಯಾವ ಹಾಳೆಯಲ್ಲೂ ಇರುತ್ತಿರಲಿಲ್ಲ.

ಇದಕ್ಕೆ ಮೇಷ್ಟ್ರುಗಳನ್ನು ಬೈದು ಪ್ರಯೋಜನವಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಎಂದಿತ್ತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಕಲಾ ಬೋಧಕರ ಪ್ರಸ್ತಾಪ ಬರುವುದು ಆರರಿಂದ ಎಂಟನೇ ತರಗತಿಗೆ. ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಅದೂ ಅರೆಕಾಲಿಕ. ಒಂದರಿಂದ ಐದಕ್ಕೆ, 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅಷ್ಟೇ. ಪಾಠ, ಬಿಸಿಯೂಟದ ಲೆಕ್ಕ, ದಾಖಲೆ ಎಲ್ಲ ಮುಗಿಸಿ ಅವರು ಬಣ್ಣದ ಡಬ್ಬಿ ತೆಗೆಯುವುದು ಯಾವಾಗ? ಹಾಗಾಗಿ ಬೋರ್ಡಿನ ಮೇಲಿನ ಚಿತ್ರ ನಕಲು ಮಾಡುವುದೇ ಕಲೆ, ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಸ್ಟೆಪ್ಪು ಹಾಕುವುದೇ ನೃತ್ಯ.

ಒಂದು ಶನಿವಾರ ‘ಬೆಟ್ಟ, ಸೂರ್ಯ ಬೇಡ. ಮನೆಯಿಂದ ಶಾಲೆಗೆ ಬರುವ ದಾರಿ ಬರೀರಿ’ ಅಂದೆ. ನಾಲ್ಕನೇ ತರಗತಿಯ ಒಬ್ಬ ಹುಡುಗ ಹಾಳೆ ತುಂಬ ಚೌಕ ಬರೆದಿದ್ದ. ನಡುವೆ ಚುಕ್ಕಿಗಳು, ಅಡ್ಡಡ್ಡ ಒಂದು ಉದ್ದ ಗೆರೆ. ಪಕ್ಕದವರು ನಕ್ಕರು. ಅವರಿಗೆ ಅದು ಅಭ್ಯಾಸ. ಯಾದಗಿರಿ ಕಡೆಯ ಆ ಹುಡುಗ ಬಾಯಿ ತೆರೆದರೂ ನಗುತ್ತಿದ್ದರು, ಅದಕ್ಕೇ ಅವನು ಬಾಯಿ ತೆರೆಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ‘ಇದರ ಕಥೆ ಹೇಳು’ ಅಂದೆ.

‘ಮ್ಯಾಲ ನಿಂತು ನೋಡಿದ್ರ ಹಿಂಗೇ ಕಾಣ್ತದ್ರಿ ಅಕ್ಕೋರೆ’ ಅಂದ.

ಅಪ್ಪ ಸೆಂಟ್ರಿಂಗ್ ಕೆಲಸದವರು. ಅವರಿಗೆ ಬುತ್ತಿ ಕೊಡಲು ಒಂಬತ್ತನೇ ಮಹಡಿಗೆ ಹತ್ತುತ್ತಾನಂತೆ. ಉದ್ದದ ಗೆರೆ ಕ್ರೇನಿನ ತೋಳು. ‘ಈ ಕೆಂಪು ಚುಕ್ಕಿ ನಮ್ಮವ್ವರಿ.’ ಕೆಳಗೆ ಮರಳು ಜರಡಿ ಹಿಡಿಯುವ ಅಮ್ಮನ ಸೀರೆ ಅದು. ನಾನು ನಿತ್ಯ ಸಿಎಡಿ ನಕ್ಷೆ ನೋಡುವವರ ಜೊತೆ ಕೆಲಸ ಮಾಡುತ್ತೇನೆ. ಒಂಬತ್ತು ವರ್ಷದವನು ಯಾರೂ ಹೇಳಿಕೊಡದೆ ಮೇಲ್ನೋಟದ ನಕ್ಷೆ ಬರೆದಿದ್ದ.

ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಅವರ ಪುಸ್ತಕ ಬಂದದ್ದು 1947ರಲ್ಲಿ. ಏಳೆಂಟು ವರ್ಷದ ಮಗು ಬಸ್ಸು ಬರೆದರೆ ತಗಡಿನ ಮೂಲಕವೂ ಜನ ಕಾಣುತ್ತಾರೆ. ಮನೆಗಿಂತ ಅಜ್ಜಿ ದೊಡ್ಡವಳಾಗಿರಬಹುದು, ಏಕೆಂದರೆ ಮಗುವಿಗೆ ಅಜ್ಜಿಯೇ ಮುಖ್ಯ. ಇದು ತಪ್ಪಲ್ಲ, ತನಗೆ ಗೊತ್ತಿರುವುದನ್ನು ಮಗು ಬರೆಯುತ್ತಿದೆ. ನಾವು ರಬ್ಬರ್ ಹಿಡಿದು ‘ಅಜ್ಜಿ ಅಷ್ಟು ದೊಡ್ಡೋಳಾ?’ ಅನ್ನುತ್ತೇವೆ. ಮಗು ಮತ್ತೆ ಎರಡು ಬೆಟ್ಟಕ್ಕೆ ಹೋಗುತ್ತದೆ. ಅಲ್ಲಿ ಯಾರೂ ಬೈಯುವುದಿಲ್ಲವಲ್ಲ! ರವೀಂದ್ರನಾಥ ಟ್ಯಾಗೋರರ ಗಿಳಿಯ ಕಥೆಯನ್ನು ಬಿ.ವಿ. ಕಾರಂತರು ‘ಪಂಜರಶಾಲೆ’ ಎಂದು ಮಕ್ಕಳ ನಾಟಕ ಮಾಡಿದ್ದರು. ಟ್ಯಾಗೋರರ ಕಥೆಯಲ್ಲಿ ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಮಾಡಿಸುತ್ತಾರೆ, ಬಾಯಿಗೆ ಪುಸ್ತಕದ ಹಾಳೆ ತುರುಕುತ್ತಾರೆ. ಕೊನೆಗೆ ಗಿಳಿ ಸಾಯುತ್ತದೆ.

ಆ ಚಿತ್ರವನ್ನೇ ಈಗ ನಾಟಕ ಮಾಡುತ್ತಿದ್ದೇವೆ. ಎತ್ತರದ ಹುಡುಗಿ ತೋಳು ಚಾಚಿ ಕ್ರೇನ್ ಆಗಿದ್ದಾಳೆ. ಇಬ್ಬರು ಗಂಟಲಲ್ಲೇ ಗರಗರ ಅಂತ ಮಿಕ್ಸರ್ ತಿರುಗಿಸುತ್ತಾರೆ. ಉಳಿದವರ ತಲೆ ಮೇಲೆ ಟವೆಲಿನ ಸಿಂಬಿ, ಕಲ್ಪನೆಯ ಬಾಂಡ್ಲಿ. ಮೇಸ್ತ್ರಿ ಪಾತ್ರ ನಮ್ಮ ಹುಡುಗನದು. ಮಾತೆಲ್ಲ ಅವನ ಕನ್ನಡದಲ್ಲೇ ಇರಲಿ ಅಂತ ಮಕ್ಕಳೇ ತೀರ್ಮಾನಿಸಿದರು. ನಗುತ್ತಿದ್ದವರು ಈಗ ‘ಲಗೂ ಬರ್ರಿ’ ಅನ್ನುವುದನ್ನು ಅವನ ಹತ್ತಿರ ಹೇಳಿಸಿಕೊಂಡು ಕಲಿಯುತ್ತಾರೆ, ಅವನು ಗಂಭೀರವಾಗಿ ತಿದ್ದುತ್ತಾನೆ.

‘ಇದ್ರಿಂದ ಮಾರ್ಕ್ಸ್ ಬರುತ್ತಾ ಮೇಡಂ?’ ಅಂತ ಒಬ್ಬ ತಂದೆ ಕೇಳಿದರು. ಬರಲ್ಲ ಅಂದೆ. ಬರುತ್ತೆ ಅಂತ ಆಸೆ ಹುಟ್ಟಿಸಿ ಕಲೆಯನ್ನು ಮಾರುವುದು ನನಗಿಷ್ಟವಿಲ್ಲ. ಅವರ ಮಗಳೇ ಕ್ರೇನ್. ಅವಳನ್ನು ಬಿಡಿಸಲಿಲ್ಲ, ಅದೇ ಸಮಾಧಾನ.

ವಾರ್ಷಿಕೋತ್ಸವದಲ್ಲೇ ಆಡಿಸಿ ಎಂದರು ಮುಖ್ಯೋಪಾಧ್ಯಾಯಿನಿ. ಅದು ಜನವರಿಯಲ್ಲಿ. ಕಟ್ಟಡ ಆಗಲೇ ಹನ್ನೊಂದನೇ ಮಹಡಿ ಮುಟ್ಟಿದೆ, ಇನ್ನು ಎರಡೇ ಬಾಕಿ. ಅದು ಮುಗಿದರೆ ಆ ಮನೆಯವರು ಬೇರೆ ಸೈಟಿಗೆ. ಇದನ್ನು ಹೇಳಿದಾಗ ಮೇಡಂ ಕ್ಯಾಲೆಂಡರ್ ನೋಡಿ, ಮುಂದಿನ ಶನಿವಾರವೇ ಶಾಲೆಯ ಜಗಲಿಯಲ್ಲಿ ಆಡಿ ಅಂದರು. ಅಪ್ಪ ಅಮ್ಮ ಇಬ್ಬರೂ ಅರ್ಧ ದಿನ ರಜೆ ಕೇಳಿದ್ದಾರಂತೆ. ನಿಜವಾದ ಮೇಸ್ತ್ರಿ ಇನ್ನೂ ಹೂಂ ಅಂದಿಲ್ಲ.