ತವರಿನಲ್ಲಿ ಅಪರಾಧ, ಪರದೇಶದಲ್ಲಿ ಹಕ್ಕು

ಗಾಜಿನ ಬಾಟಲಿಗೂ ಬಟ್ಟೆ ಒಗೆಯುವ ಪುಡಿಗೂ ಸೋಡಾ ಆಶ್ ಬೇಕು. ಗುಜರಾತಿನ ಮಿಠಾಪುರದಲ್ಲಿ ಅದನ್ನು ತಯಾರಿಸುವುದು ದೊಡ್ಡ ಕಸರತ್ತು. ಕಡಲ ಉಪ್ಪನ್ನು ಕರಗಿಸಿದ ನೀರಿಗೆ ಅಮೋನಿಯಾ ಬೆರೆಸಬೇಕು, ಸುಣ್ಣದಕಲ್ಲು ಸುಟ್ಟಾಗ ಬರುವ ಅನಿಲವನ್ನು ಅದರೊಳಗೆ ಹಾಯಿಸಬೇಕು, ಕೆಳಗೆ ಕೂತ ಬಿಳಿ ಗಷ್ಟನ್ನು ಸೋಸಿ ಕಾಯಿಸಬೇಕು. ಅಮೆರಿಕದ ವಯೋಮಿಂಗ್‌ನಲ್ಲಿ ನೆಲದಡಿಯೇ ಟ್ರೋನಾ ಎಂಬ ಖನಿಜ ಸಿಗುತ್ತದೆ. ಅಗೆದು, ಕಾಯಿಸಿ, ಶುದ್ಧ ಮಾಡಿದರೆ ಮುಗಿಯಿತು. ಖರ್ಚು ತೀರ ಕಡಿಮೆ.

ಅಮೆರಿಕದ ಆರು ಉತ್ಪಾದಕರು ಆನ್ಸ್ಯಾಕ್ ಎಂಬ ಒಂದೇ ಸಂಸ್ಥೆಯ ಮೂಲಕ ಪರದೇಶಗಳಿಗೆ ಮಾರುತ್ತಿದ್ದರು. ಅಮೆರಿಕದೊಳಗೆ ಹೀಗೆ ಕೂಡಿಕೊಂಡು ಬೆಲೆ ಕಟ್ಟಿದರೆ ಜೈಲೂಟವೇ ಗತಿ. ಆದರೆ ರಫ್ತಿಗಾಗಿ ಕೂಡಿದವರಿಗೆ 1918ರ ವೆಬ್-ಪೊಮರೀನ್ ಕಾಯ್ದೆಯ ಅಭಯವಿದೆ. ಹೊರಗಿನ ಗ್ರಾಹಕನಿಗೆ ಆಗುವ ನಷ್ಟ ಆ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ.

1996ರಲ್ಲಿ ಆನ್ಸ್ಯಾಕ್ ಸರಕು ಭಾರತದ ಕಡೆ ಹೊರಟಾಗ ಸೋಡಾ ಆಶ್‌ನಂಥ ಕ್ಷಾರಗಳನ್ನು ತಯಾರಿಸುವ ನಮ್ಮವರ ಸಂಘ, ಏಕಸ್ವಾಮ್ಯಕ್ಕೆ ಕಡಿವಾಣ ಹಾಕಲೆಂದಿದ್ದ ಎಂಆರ್‌ಟಿಪಿ ಆಯೋಗದ ಮೊರೆಹೋಯಿತು. ಇದು ಕೂಟ, ನಮ್ಮನ್ನು ಮುಳುಗಿಸುವ ಬೆಲೆಗೆ ಮಾರಲು ಬರುತ್ತಿದೆ ಎಂಬುದು ದೂರು. ಆಯೋಗ ತಡೆಯಾಜ್ಞೆ ಕೊಟ್ಟೇಬಿಟ್ಟಿತು. 1969ರ ಹಳೆಯ ಕಾಯ್ದೆಯೊಂದನ್ನು ಹಿಡಿದು, ಅಮೆರಿಕದ ಕಾನೂನು ಬೆನ್ನಿಗಿದ್ದ ಕೂಟವನ್ನು ಬಾಗಿಲಲ್ಲೇ ನಿಲ್ಲಿಸಿದ ಆ ಧೈರ್ಯ ನನಗೆ ಇಂದಿಗೂ ಮೆಚ್ಚುಗೆ. ಆದರೂ ಒಂದು ಮಾತು ಹೇಳಲೇಬೇಕು. ಸ್ಪರ್ಧಾ ಕಾನೂನು ಇರುವುದು ಕೊಳ್ಳುವವರಿಗಾಗಿ. ಇಲ್ಲಿ ಅದನ್ನು ಬಳಸಿಕೊಂಡವರು ಮಾರುವವರು. ಅಗ್ಗದ ಸೋಡಾ ಆಶ್ ಬಂದರೆ ಗಾಜಿನವರಿಗೂ ಸಾಬೂನಿನವರಿಗೂ ಅನುಕೂಲ, ಆದರೆ ದೂರುದಾರರ ಸಾಲಿನಲ್ಲಿ ಅವರಿರಲಿಲ್ಲ.

ಇಂಡೊನೇಷ್ಯಾದ ಗಾಜಿನ ಆಮದಿನ ಮೇಲಿನ ಇಂಥದೇ ತಕರಾರನ್ನೂ ಇದರ ಜೊತೆಗೆ ಸೇರಿಸಿ ಸುಪ್ರೀಂ ಕೋರ್ಟ್ 2002ರ ಜುಲೈನಲ್ಲಿ ತೀರ್ಪಿತ್ತಿತು. ಹರಿದಾಸ್ ಎಕ್ಸ್‌ಪೋರ್ಟ್ಸ್ ಪ್ರಕರಣ ಎಂದೇ ಅದು ಹೆಸರಾಗಿದೆ. ಆಮದನ್ನೇ ತಡೆಯುವ ಅಧಿಕಾರ ಆಯೋಗಕ್ಕಿಲ್ಲ, ಕಡಿಮೆ ಬೆಲೆಗೆ ತಂದು ಸುರಿಯುತ್ತಿದ್ದರೆ ಆ್ಯಂಟಿ ಡಂಪಿಂಗ್ ಸುಂಕದ ದಾರಿ ಇದೆ ಎಂದಿತು. ಆ ಸುಂಕ ಸ್ಥಳೀಯ ಕಾರ್ಖಾನೆಯನ್ನು ಕಾಯುತ್ತದೆ, ಸರಿ. ಕೂಟ ಮುಂದೆ ಬೆಲೆ ಏರಿಸಿದರೆ ಕೊಳ್ಳುವವನನ್ನು ಕಾಯುವುದಿಲ್ಲ. ಆಗ ರೂಪುಗೊಳ್ಳುತ್ತಿದ್ದ 2002ರ ಸ್ಪರ್ಧಾ ಕಾಯ್ದೆಯ 32ನೇ ಸೆಕ್ಷನ್ ಈ ಕೊರತೆ ತುಂಬಿತು: ಕೃತ್ಯ ಹೊರಗೇ ನಡೆದಿರಲಿ, ಪರಿಣಾಮ ಇಲ್ಲಿ ಬಿದ್ದರೆ ವಿಚಾರಣೆ ನಡೆಸಬಹುದು.

ದಕ್ಷಿಣ ಆಫ್ರಿಕಾ ಮಾತ್ರ ಪಟ್ಟು ಬಿಡಲಿಲ್ಲ. 1999ರಲ್ಲಿ ಬೋಟ್ಸ್ವಾನಾದ ಕಂಪನಿಯೊಂದು ಆನ್ಸ್ಯಾಕ್ ವಿರುದ್ಧ ಅಲ್ಲಿ ಕೊಟ್ಟ ದೂರು ವರ್ಷಗಟ್ಟಲೆ ಕೋರ್ಟುಗಳಲ್ಲಿ ಎಳೆದಾಡಿತು. ಕೊನೆಗೆ 2008ರಲ್ಲಿ ಆನ್ಸ್ಯಾಕ್ 97 ಲಕ್ಷ ರ‍್ಯಾಂಡ್ ದಂಡ ಕಟ್ಟಿ, ಆ ಮಾರುಕಟ್ಟೆಯಿಂದ ಕಾಲ್ತೆಗೆಯಲು ಒಪ್ಪಿತು.

ಇಂಥ ಕೂಟಗಳಿಗೆ ಎಲ್ಲರಿಗೂ ಅನ್ವಯಿಸುವ ನಿಯಮ ಬೇಕೆಂಬ ಯೋಚನೆ 1948ರ ಹವಾನಾ ಸನ್ನದಿನಲ್ಲೇ ಇತ್ತು. ಸನ್ನದು ಜಾರಿಗೇ ಬರಲಿಲ್ಲ. 1996ರ ಸಿಂಗಪುರ ಸಮ್ಮೇಳನದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಮತ್ತೆ ಮಾತು ಎತ್ತಿತು. ಭಾರತವೂ ಸೇರಿದಂತೆ ಹಲವು ದೇಶಗಳ ವಿರೋಧದಿಂದ 2004ರಲ್ಲಿ ವಿಷಯವನ್ನು ಆ ಸಂಸ್ಥೆಯ ದೋಹಾ ಸುತ್ತಿನ ಮಾತುಕತೆಯಿಂದ ಹೊರಗಿಟ್ಟರು. ಕೂಟದ ಪೆಟ್ಟು ತಿಂದ ದೇಶವೇ ಆ ಮೇಜಿನಿಂದ ಎದ್ದುಬಂದದ್ದು ನನಗೆ ಇನ್ನೂ ಸಂಕಟದ ಸಂಗತಿ.

ಆನ್ಸ್ಯಾಕ್ ದಕ್ಷಿಣ ಆಫ್ರಿಕಾದಲ್ಲಿ ದಂಡಕ್ಕೆ ಒಪ್ಪಿದ 2008ರಲ್ಲೇ, ಮಿಠಾಪುರದ ಕಾರ್ಖಾನೆಯ ಒಡೆಯನಾದ ಟಾಟಾ ಕೆಮಿಕಲ್ಸ್ ಸುಮಾರು 100 ಕೋಟಿ ಡಾಲರ್ ಕೊಟ್ಟು ವಯೋಮಿಂಗ್‌ನ ಟ್ರೋನಾ ಕಂಪನಿಯೊಂದನ್ನು ಕೊಂಡಿತು. ಆ ಕಂಪನಿ ಆಗ ಆನ್ಸ್ಯಾಕ್‌ನ ಸದಸ್ಯ ಸಂಸ್ಥೆಯಾಗಿತ್ತು. ಭಾರತದ ಕಾರ್ಖಾನೆಗಳು ಯಾವ ಕೂಟದ ವಿರುದ್ಧ ದೂರಿದ್ದವೋ ಅದರೊಳಗೆ ಭಾರತದ ಬಂಡವಾಳವೂ ಸೇರಿತು. ಟಾಟಾ ಅಲ್ಲಿಂದ ಹೊರಬಂದದ್ದು 2022ರ ಕೊನೆಯಲ್ಲಿ.

ನಮ್ಮ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ನೂ ಅಮೆರಿಕದ ಕಾಯ್ದೆಯಂತೆಯೇ ಕೇವಲ ರಫ್ತಿಗೆಂದು ಮಾಡಿಕೊಂಡ ಒಪ್ಪಂದಗಳನ್ನು ನಿಷೇಧದಿಂದ ಹೊರಗಿಡುತ್ತದೆ. ಇತ್ತ ಪರದೇಶದ ಕೂಟಗಳಿಂದ ಕೊಳ್ಳುವವರೂ ನಾವೇ: ನಮ್ಮ ತೋಟ-ಗದ್ದೆಗಳಿಗೆ ಬೇಕಾದ ಪೊಟ್ಯಾಷ್ ಬಹುತೇಕ ಆಮದೇ. ಕೆನಡಾದ ಉತ್ಪಾದಕರು ಅದನ್ನು ಕ್ಯಾನ್‌ಪೊಟೆಕ್ಸ್ ಎಂಬ ಜಂಟಿ ಸಂಸ್ಥೆಯ ಮೂಲಕ ಮಾರುತ್ತಾರೆ. ಅದನ್ನು ಪ್ರಶ್ನಿಸಹೊರಟರೆ ಎದುರಿನ ವಕೀಲರು ಮೊದಲು ಓದಿ ತೋರಿಸುವುದು ನಮ್ಮದೇ 3ನೇ ಸೆಕ್ಷನ್ನನ್ನು.